ಭೂಗತ ಪಾದಚಾರಿ ಜಾಲಗಳಲ್ಲಿ ದಾರಿ ಗುರುತಿಸುವಿಕೆ

ನೆಲದಡಿಯ ನಡಿಗೆ ಹಾದಿ, ಸುರಂಗಮಾರ್ಗ ಮತ್ತು ಮೆಟ್ರೊ ನಿಲ್ದಾಣಗಳಲ್ಲಿ ಜನರು ತಮ್ಮ ಸ್ಥಾನ, ದಿಕ್ಕು ಹಾಗೂ ಹೊರದಾರಿಯನ್ನು ಸುಲಭವಾಗಿ ತಿಳಿಯುವಂತೆ ಮಾಡುವ ವಾಸ್ತುವಿನ್ಯಾಸ ಕ್ರಮ. ಸೂರ್ಯನ ಬೆಳಕು, ಎತ್ತರದ ಕಟ್ಟಡ, ಬೀದಿಯ ಸದ್ದು ಮೊದಲಾದ ಗುರುತುಗಳು ನೆಲದಡಿ ಇಲ್ಲದಿರುವುದರಿಂದ ಅಲ್ಲಿ ದಿಕ್ಕು ತಪ್ಪುವುದು ಸುಲಭ.

ಇದಕ್ಕೆ ಪರಿಹಾರದ ಒಂದು ನಿದರ್ಶನವೆಂದರೆ ಪುಣೆ ಮೆಟ್ರೊದ ಸಿವಿಲ್ ಕೋರ್ಟ್ ನಿಲ್ದಾಣ. 2023ರ ಆಗಸ್ಟ್ 1ರಂದು ಉದ್ಘಾಟನೆಯಾದ ಇದರ ಭೂಗತ ಭಾಗ 33.1 ಮೀಟರ್ ಆಳದಲ್ಲಿದೆ. ಬಿಸಿಲು ನೇರವಾಗಿ ಪ್ಲಾಟ್‌ಫಾರ್ಮಿಗೆ ಬೀಳುವಂತೆ ಚಾವಣಿಯನ್ನು ರಚಿಸಲಾಗಿದೆ. ಬೆಳಕು ಬರುವ ಕಡೆಯೇ ಮೇಲಿನ ದಾರಿ ಎಂಬುದು ಓದು ಬಾರದವರಿಗೂ ತಿಳಿಯುವ ಸೂಚನೆ. ಭೂಗತ ನೇರಳೆ ಮಾರ್ಗ ಮತ್ತು ಎತ್ತರಿಸಿದ ಅಕ್ವಾ ಮಾರ್ಗ ಇಲ್ಲಿ ಸಂಧಿಸುತ್ತವೆ.

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿರುವ ನಾಡಪ್ರಭು ಕೆಂಪೇಗೌಡ ಮೆಟ್ರೊ ನಿಲ್ದಾಣದಲ್ಲಿ ಆ ನಗರದ ಎರಡು ಮೆಟ್ರೊ ಮಾರ್ಗಗಳೂ ನೆಲದಡಿಯಲ್ಲೇ ಅಡ್ಡಹಾಯುತ್ತವೆ: ಮೇಲಿನ ಅಂತಸ್ತಿನಲ್ಲಿ ನೇರಳೆ, ಕೆಳಗಿನದರಲ್ಲಿ ಹಸಿರು. ಮಾರ್ಗದ ಬಣ್ಣವೇ ಫಲಕಗಳಲ್ಲಿ ಪ್ರಯಾಣಿಕರನ್ನು ನಡೆಸುತ್ತದೆ.

ಈ ಕ್ಷೇತ್ರದ ತಾತ್ತ್ವಿಕ ನೆಲೆ ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲಿ ಮಂಡಿಸಿದ, ಜನರು ನಗರವನ್ನು ಗ್ರಹಿಸುವ ಐದು ಅಂಶಗಳು: ಹಾದಿ, ಅಂಚು, ವಲಯ, ಸಂಧಿಸ್ಥಾನ, ಹೆಗ್ಗುರುತು. 1962ರಿಂದ ಬೆಳೆದ ಕೆನಡಾದ ಮಾಂಟ್ರಿಯಲ್ ಭೂಗತ ಜಾಲ 30 ಕಿ.ಮೀ.ಗೂ ಹೆಚ್ಚು ಉದ್ದವಿದ್ದು, ಈ ಅಧ್ಯಯನಕ್ಕೆ ಪ್ರಸಿದ್ಧ ಕ್ಷೇತ್ರವಾಗಿದೆ.

ನೇರ ಹಾದಿ, ದೂರದವರೆಗೆ ಕಾಣುವ ನೋಟ, ಕಡಿಮೆ ತಿರುವು, ಸಂಖ್ಯೆಯುಳ್ಳ ದ್ವಾರಗಳು, ಸ್ಥಳೀಯ ಭಾಷೆಯ ಫಲಕಗಳು ಹಾಗೂ ದೃಷ್ಟಿಹೀನರಿಗಾಗಿ ಉಬ್ಬುಗೆರೆಯ ನೆಲಹಾಸು ದಾರಿ ಗುರುತಿಸುವಿಕೆಯ ಮುಖ್ಯ ಸಾಧನಗಳು. ಗೊಂದಲದ ನಕ್ಷೆಯಿರುವ ಕಟ್ಟಡದ ಕೊರತೆಯನ್ನು ಫಲಕಗಳು ಪೂರ್ತಿ ತುಂಬಲಾರವು. ಆದ್ದರಿಂದ ಈ ಕೆಲಸ ನಕ್ಷೆಯ ಹಂತದಲ್ಲೇ ಆರಂಭವಾಗಬೇಕು.