ಆಡೋ ಎಲಿ, ಇಡೋ ಎಲಿ

ಟ್ರಂಕಿನ್ಯಾಗಿನ ಇಳಕಲ್ ಸೀರಿ ಉಡಲಿಕ್ಕೋ, ಇಡಲಿಕ್ಕೋ ಅನ್ನೋ ವಾದ ನಮ್ಮೆಲ್ಲಾರ ಮನ್ಯಾಗೂ ಅದ. ಇಂಥದೇ ಜಗಳ ಅಮೇರಿಕಾದಾಗ ಆಟದ ಎಲಿ ಮ್ಯಾಲೆ ಮೂವತ್ತು ವರ್ಷದಿಂದ ನಡದದ. ನಿಮ್ಮ ಮನಿ ಹುಡುಗ್ರು ಪೋಕೆಮಾನ್ ಎಲಿಗೆ ರೊಕ್ಕ ಕೇಳ್ತಾರಲ್ಲ ವೈನಿ, ಅದರ ಹಿರೇಕ್ಕನ ಕಥಿ ಇದು.

ಆಟದ ಹೆಸರು ‘ಮ್ಯಾಜಿಕ್: ದ ಗ್ಯಾದರಿಂಗ್’. ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ಅನ್ನೋರು ಮಾಡಿದ್ದು. ‘ವಿಜರ್ಡ್ಸ್ ಆಫ್ ದ ಕೋಸ್ಟ್’ ಅನ್ನೋ ಕಂಪನಿ 1993ರ ಆಗಸ್ಟ್‌ದಾಗ ಮಾರಾಟಕ್ಕ ತಂತು. ಇಸ್ಪೀಟಂದ್ರ 52 ಎಲಿ, ಎಲ್ಲಾರ ಮನ್ಯಾಗೂ ಅವೇ. ಇಲ್ಲೆ ಹಂಗಲ್ಲ. ಪಾಕೀಟು ಒಡಿಯೋತನಕಾ ಯಾವ ಎಲಿ ಬಂತು ಗೊತ್ತಾಗೂದಿಲ್ಲ. ಕೆಲವು ರಗಡ ಸಿಗ್ತಾವ, ಕೆಲವು ಅಪರೂಪ. ಬೇಕಾದ್ದನ್ನ ಗೆಳ್ಯಾರ ಜೋಡಿ ಅದಲಬದಲ ಮಾಡ್ಕೊಂಡು, ತಮ್ಮ ಕಟ್ಟು ತಾವೇ ಜೋಡಿಸಿ ಆಡಬೇಕು.

ಮಂದಿ ಸ್ವಲ್ಪೇ ಪಾಕೀಟು ಕೊಳ್ತಾರ ಅಂತ ಗಾರ್ಫೀಲ್ಡರ ಲೆಕ್ಕ ಇತ್ತು. ಅದಕ್ಕ ಭಾಳ ಜೋರಿನ ಎಲಿ ಕಡಿಮಿ ಹಾಕಿದ್ರು. ಮೊದಲನೇ ಅಚ್ಚಿನ್ಯಾಗ ಒಟ್ಟು 26 ಲಕ್ಷ ಎಲಿ. ಅಪರೂಪದ್ದು ಒಂದೊಂದೂ ಸುಮಾರು 1,100 ಅಷ್ಟ. ನೋಡನೋಡೂದ್ರಾಗ ಖಾಲಿ ಆದ್ವು. ಸೋತಾಂವ ಒಂದು ಎಲಿ ಗೆದ್ದಾಂವಗ ಕೊಡಬೇಕು ಅನ್ನೋ ಪದ್ಧತೀನೂ ಇತ್ತು. ಕೈಯಾಗಿನ ಎಲಿ ಕಳಕೊಳ್ಳಲಿಕ್ಕೆ ಯಾರಿಗೆ ಮನಸ್ಸು ಬರ್ತದ? ಆ ಪದ್ಧತಿ ಬಿಟ್ಟೇಹೋತು.

1995ರಾಗ ‘ಕ್ರಾನಿಕಲ್ಸ್’ ಅಂತ ಹೆಸರಿಟ್ಟು ಕಂಪನಿ ಹಳೇ ಎಲಿ ತಿರುಗಿ ಅಚ್ಚು ಹಾಕ್ತು. ಆಡೋರಿಗೆ ಹಬ್ಬ, ಕೂಡಿಸಿಟ್ಟೋರಿಗೆ ಲುಕ್ಸಾನು. ಅವರ ಎಲಿ ಬೆಲಿ ಇಳೀತು, ಸಿಟ್ಟಿಗೆದ್ರು. ಅವರನ್ನ ಸಮಾಧಾನ ಮಾಡಲಿಕ್ಕೆ 1996ರಾಗ ಕಂಪನಿ ಒಂದು ಯಾದಿ ಮಾಡಿ, ಇದರಾಗಿನ ಎಲಿ ಇನ್ನೊಮ್ಮೆ ಅಚ್ಚು ಹಾಕಂಗಿಲ್ಲ ಅಂತ ಮಾತು ಕೊಡ್ತು. ‘ಬ್ಲ್ಯಾಕ್ ಲೋಟಸ್’ ಅನ್ನೋ ಎಲಿ ಆ ಯಾದಿಯಾಗಿಂದೇ. ಇವತ್ತ ಅದು ಲಕ್ಷಗಟ್ಟಲೆ ರೂಪಾಯಿದು, ಗಾಜಿನಂಥಾ ಡಬ್ಬ್ಯಾಗ ಕೂತದ. ಆಡೋ ಹುಡುಗ್ರು ಬ್ಯಾರೆ ಎಲಿ ಮ್ಯಾಲೆ ಅದರ ಹೆಸರು ಬರದು, ಮನಿ ಆಟ ನಡಸ್ತಾರ.

2022ರಾಗ ಕಂಪನಿ 30 ವರ್ಷದ ನೆನಪಿಗೆ ಆ ಹಳೇ ಎಲಿಗಳ ನಕಲು ತಂತು. 60 ಎಲಿಗೆ 999 ಡಾಲರ್! ಹಿಂದಿನ ಮಗ್ಗಲು ಬ್ಯಾರೆ, ಪಂದ್ಯದಾಗ ನಡಿಯೂದಿಲ್ಲ. ಆಟದ ಎಲಿ, ಆದ್ರ ಆಡೂಹಂಗಿಲ್ಲ.

ಕೂಡಿಸೋರದು ತಪ್ಪು ಅಂತ ನಾ ಅನ್ನೂದಿಲ್ಲ. ಕಂಪನಿ ಮಾತು ನಂಬಿ ರೊಕ್ಕ ಹಾಕ್ಯಾರ. ಆದ್ರ ಆ ಎಲಿಗೆ ಬೆಲಿ ಬಂದದ್ದು ಮೊದಲ ನಾಕು ಮಂದಿ ಕೂತು ಆಡಿದ್ದಕ್ಕ. ಆಡೋರೇ ಇಲ್ಲದಂಗಾದ್ರ ಅದು ಬರೇ ರಟ್ಟು. ಹುಡುಗ್ರು ಎಲಿಗೆ ರೊಕ್ಕ ಕೇಳಿದ್ರ, “ಆಡಲಿಕ್ಕೆ ಬರ್ತದೇನೋ? ನನಗೂ ಕಲಸು” ಅನ್ರಿ. ಆಮ್ಯಾಲೆ ಪರ್ಸ್ ತಗೀರಿ.