ಕೈಮದ್ದಿನ ಕೋವಿ, ಕಾರ್ಖಾನೆಯ ತೋಟಾ

ಹೊನ್ನೂರು, ಯಳಂದೂರು, ಹನೂರು ಕಡೆಯ ಹಳಬರನ್ನು ಕೇಳಿ ನೋಡಿ, ಕೇಪಿನ ಕೋವಿ ಅಂದರೆ ತಕ್ಷಣ ಗೊತ್ತಾಗುತ್ತದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಗಜದಿಂದ ಜಡಿದು, ಮೇಲೆ ಗುಂಡೋ ಚರೆಯೋ ಹಾಕುವ ಬಂದೂಕು ಅದು. ಇನ್ನೊಂದು ಕಡೆ ಸಾಹೇಬರ ರೈಫಲ್. ಅದರ ತೋಟಾ ಕಾರ್ಖಾನೆಯಿಂದಲೇ ತಯಾರಾಗಿ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಒಂದೇ ಕಾಡು, ಎರಡು ಬಗೆಯ ಗುಂಡು. ಇವೆರಡರ ನಡುವಿನ ವ್ಯತ್ಯಾಸ ಬರೀ ಶೋಕಿಯದ್ದಲ್ಲ, ಜೀವದ ಪ್ರಶ್ನೆ.

ಮೊದಲು ಎಲ್ಲರದ್ದೂ ಕೈಮದ್ದೇ ಆಗಿತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಬಿಟ್ಟರೆ ಬೇರೆ ಇರಲಿಲ್ಲ. 1874ರಲ್ಲಿ ಚಾಮರಾಜನಗರದ ಹತ್ತಿರ ಹೊನ್ನುಹೊಳೆಯ ದಡದಲ್ಲಿ ಆನೆ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಬಳಸುತ್ತಿದ್ದದ್ದು ಎಂಟು ಬೋರಿನ ರೈಫಲ್. ಎಂಟು ಬೋರ್ ಅಂದರೆ ಒಂದು ಪೌಂಡ್ ಸೀಸದಲ್ಲಿ ಎಂಟೇ ಉಂಡೆ, ಒಂದೊಂದು ಸುಮಾರು 57 ಗ್ರಾಂ ತೂಕ. ಅಷ್ಟು ದಪ್ಪ ಯಾಕೆ? ಕರಿಮದ್ದಿನಿಂದ ಗುಂಡಿನ ವೇಗವನ್ನು ಒಂದು ಮಟ್ಟಕ್ಕಿಂತ ಹೆಚ್ಚಿಸಲು ಆಗುತ್ತಿರಲಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 400 ಮೀಟರ್ ಆಸುಪಾಸು. ವೇಗ ಸಾಲದಿದ್ದಾಗ ತೂಕ ಹೆಚ್ಚಿಸಬೇಕು. ಆ ಕಾಲದ ಶಿಕಾರಿ ಸಾಹೇಬರು ಎಷ್ಟೋ ಮಂದಿ ತಮ್ಮ ತೋಟಾಗಳನ್ನು ತಾವೇ ಅಳೆದು ತುಂಬಿಕೊಳ್ಳುತ್ತಿದ್ದರು.

ಆಮೇಲೆ ದಾರಿ ಕವಲೊಡೆಯಿತು. ಪುಣೆ ಹತ್ತಿರದ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಗಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆ ಬಾರದ ಮದ್ದು ಕಂಡುಹಿಡಿದ. 1910ರ ಹೊತ್ತಿಗೆ ಬ್ರಿಟಿಷ್ ಸೈನ್ಯದ ತ್ರೀ ನಾಟ್ ತ್ರೀ ಗುಂಡು ಸೆಕೆಂಡಿಗೆ 744 ಮೀಟರ್ ವೇಗ ಮುಟ್ಟಿತ್ತು. ತೂಕ ಬರೀ 11 ಗ್ರಾಂ ಚಿಲ್ಲರೆ.

ವೇಗ ಯಾಕೆ ಮುಖ್ಯ? ಒಂದು ಸಣ್ಣ ಲೆಕ್ಕ ಹಾಕೋಣ. ನಳಿಗೆ ಬಿಟ್ಟ ಗಳಿಗೆಯಿಂದಲೇ ಗುಂಡು ನೆಲದ ಕಡೆ ಬೀಳತೊಡಗುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 100 ಮೀಟರ್ ದೂರ ಹೋಗುವಷ್ಟರಲ್ಲಿ 400 ಮೀಟರ್ ವೇಗದ ಗುಂಡು ಸುಮಾರು 31 ಸೆಂಟಿಮೀಟರ್, ಅಂದರೆ ಒಂದು ಅಡಿ ಕೆಳಗಿಳಿದಿರುತ್ತದೆ. 744 ಮೀಟರ್ ವೇಗದ್ದು ಇಳಿಯುವುದು 9 ಸೆಂಟಿಮೀಟರ್ ಮಾತ್ರ.

ಈಗ ಮದ್ದು ಸ್ವಲ್ಪ ಕಡಿಮೆ ಬಿತ್ತು, ಅಥವಾ ಮಳೆಗಾಲದ ತೇವ ಹಿಡಿದು ವೇಗ ನೂರಕ್ಕೆ ಹತ್ತು ಪಾಲು ಕುಗ್ಗಿತು ಅಂದುಕೊಳ್ಳಿ. ನಿಧಾನದ ಗುಂಡು ಇನ್ನೂ 7 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ವೇಗದ ಗುಂಡಿಗೆ ಬರುವ ವ್ಯತ್ಯಾಸ 2 ಸೆಂಟಿಮೀಟರ್. ಇದರ ಮೇಲೆ ನಾಡಕೋವಿಯ ನಳಿಗೆ ಒಳಗೆ ನುಣುಪು. ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುವ ತಿರುಪು ಗೆರೆಗಳು ಅದರಲ್ಲಿಲ್ಲ. ಗುಂಡು ನಳಿಗೆಗಿಂತ ಸಣ್ಣದಾದರೆ ಒಳಗೇ ಅತ್ತಿತ್ತ ಬಡಿದುಕೊಂಡು ಹೊರಬೀಳುತ್ತದೆ.

ಹಾಗಂತ ಕೈಯಲ್ಲಿ ತುಂಬಿದ್ದೆಲ್ಲ ಕೀಳು ಅಂತಲ್ಲ. ಇವತ್ತು ಹೊರದೇಶಗಳಲ್ಲಿ ಗುರಿ ಸ್ಪರ್ಧೆಗೆ ಇಳಿಯುವ ಎಷ್ಟೋ ಮಂದಿ ಕಾರ್ಖಾನೆಯ ತೋಟಾ ಬಿಟ್ಟು ತಾವೇ ತುಂಬಿಕೊಳ್ಳುತ್ತಾರೆ. ಮದ್ದನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ತಮ್ಮ ರೈಫಲ್ಲಿಗೆ ಒಗ್ಗುವ ಅಳತೆ ಹುಡುಕಿ, ಪ್ರತಿ ಗುಂಡಿನ ವೇಗವನ್ನು ಯಂತ್ರದಲ್ಲಿ ನೋಡುತ್ತಾರೆ. ಅಂಥ ಕೈಕೆಲಸ ಕಾರ್ಖಾನೆಯನ್ನೂ ಮೀರಿಸುತ್ತದೆ. ಕಾರ್ಖಾನೆಯ ಹೆಚ್ಚುಗಾರಿಕೆ ಇರುವುದು ಒಂದರ ಹಾಗೆ ಇನ್ನೊಂದು ಮಾಡುವುದರಲ್ಲಿ. ಹಳ್ಳಿಯವನ ಕೈಗೆ ಅಳತೆಯ ಆ ಸಾಧನ ಸಿಗಲಿಲ್ಲ, ಅಷ್ಟೇ.

ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಬಡತನದ ಜೊತೆ ಕಾನೂನೂ ಕಾರಣ. ಆಗ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಸಿಕ್ಕಿದ್ದ ಜಹಗೀರು, ಮೈಸೂರು ಸೀಮೆ. ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರಲ್ಲಿ ನಮ್ಮ ಕಡೆ ಬಂತು. ಬ್ರಿಟಿಷರು 1878ರಲ್ಲಿ ತಂದ ಆಯುಧ ಕಾಯ್ದೆಯಲ್ಲಿ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ಒಳ್ಳೆಯ ರೈಫಲ್ ಒಂದು ಕಡೆ ಉಳಿಯಿತು, ಬೆಳೆ ಕಾಯುವ ಕೇಪಿನ ಕೋವಿ ಇನ್ನೊಂದು ಕಡೆ.

ಅದರ ಬೆಲೆ ತೆತ್ತವರು ಯಾರು? ಗುಂಡು ತಾಗಿಯೂ ಸಾಯದ ಪ್ರಾಣಿ, ಆಮೇಲೆ ಅದರ ಬಾಯಿಗೆ ಸಿಕ್ಕ ಜನ. ಕೊಳ್ಳೇಗಾಲದ ಕಾಡುಗಳಲ್ಲಿ ಓಡಾಡಿದ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು .405 ವಿಂಚೆಸ್ಟರ್ ರೈಫಲ್. ತೇಜಸ್ವಿಯವರ ಕನ್ನಡದಲ್ಲಿ ಅವನ ಕಥೆ ಓದಿದವರಿಗೆ ಗೊತ್ತಿರುತ್ತದೆ, ಹುಲಿ ಚಿರತೆಗಳು ನರಭಕ್ಷಕಗಳಾಗುವುದರ ಹಿಂದೆ ಎಷ್ಟೋ ಸಲ ಹಳೆಯ ಗುಂಡಿನ ಗಾಯ ಇರುತ್ತದೆ. ಕುಮಾವೂನಿನ ಚಂಪಾವತದಲ್ಲಿ 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಿಂದೆಂದೋ ಬಿದ್ದ ಗುಂಡಿಗೆ ಮುರಿದಿದ್ದವು. ಅದು ಕೊಂದವರ ಲೆಕ್ಕ 436.

ಈಗ ಕಾಲ ಬದಲಾಗಿದೆ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದೂ ಅಪರಾಧ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಆದರೆ ಹೊಲಕ್ಕೆ ಹಂದಿ, ಆನೆ ಬರುವುದು ನಿಂತಿಲ್ಲ. ರಾತ್ರಿ ಕಾವಲು ಕೂರುವ ರೈತನ ಸಿಟ್ಟು ನ್ಯಾಯವಾದದ್ದೇ. ಆದರೂ ಅಳತೆ ತಪ್ಪಿದ ಒಂದು ಗುಂಡು ಬೆಳೆ ಉಳಿಸುವುದಿಲ್ಲ. ಗಾಯಗೊಂಡ ಆನೆಯೋ ಚಿರತೆಯೋ ಮರುದಿನ ಎದುರಾಗುವುದು ಗುಂಡು ಹೊಡೆದವನಿಗೇ ಅಂತೇನಿಲ್ಲ. ಸೌದೆಗೆ ಹೋದವರಿಗೆ, ದನ ಮೇಯಿಸುವ ಹುಡುಗರಿಗೆ ಅದು ಎದುರಾಗಬಹುದು.