ಗೋಡೆಯಾಚೆಯ ಸದ್ದು: ನೆರೆಮನೆ ಗಲಾಟೆಗೂ ಒಂದು ಇತಿಹಾಸವಿದೆ



ರಾಯದುರ್ಗ, ಮಡಕಶಿರಾ ಕಡೆಯಿಂದ ಓದಿಗೋ ಕೆಲಸಕ್ಕೋ ಬೆಂಗಳೂರು, ಬಳ್ಳಾರಿ, ಅನಂತಪುರ ಸೇರಿದ ನಮ್ಮ ಹುಡುಗ ಹುಡುಗಿಯರು ಹಬ್ಬಕ್ಕೆ ಊರಿಗೆ ಬಂದಾಗ ಹೇಳುವ ದೂರುಗಳಲ್ಲಿ ಒಂದು ಖಾಯಂ ಆಗಿರುತ್ತದೆ: ಪಕ್ಕದ ಫ್ಲಾಟಿನ ಸದ್ದು. ಮಧ್ಯರಾತ್ರಿಯ ಟಿ.ವಿ., ಶನಿವಾರದ ಪಾರ್ಟಿ, ಮೇಲಿನ ಮನೆಯ ಮಿಕ್ಸಿ. ಅಡ್ವಾನ್ಸ್ ಕೊಟ್ಟು ಹನ್ನೊಂದು ತಿಂಗಳ ಕರಾರು ಮಾಡಿಕೊಂಡವರಿಗೆ ಬಾಯಿ ಬಿಡಲು ಭಯ. ಓನರ್ "ಮನೆ ಖಾಲಿ ಮಾಡಿ" ಅಂದುಬಿಟ್ಟರೆ?

ಈ ಜಗಳ ಹೊಸದಲ್ಲ. ಕನಿಷ್ಠ 170 ವರ್ಷಗಳಿಂದ ನ್ಯಾಯಾಲಯಗಳು ಇದನ್ನು ಕೇಳುತ್ತ ಬಂದಿವೆ. ನಾವು ಗಮನಿಸಬೇಕಾದ ಮಾತೊಂದಿದೆ: ಇದರ ಎರಡು ಪ್ರಸಿದ್ಧ ಪ್ರಕರಣಗಳಲ್ಲಿ ಗಲಾಟೆಯ ನೆರೆಯವರು ಎಂದು ಕಟಕಟೆ ಹತ್ತಿದವರು ಕ್ರೈಸ್ತರೇ.

ಒಂದು ಗಂಟೆ, ಒಂದು ತಟ್ಟೆ

ಮೊದಲನೆಯದು 1851ರದ್ದು, ಲಂಡನ್ನಿನ ಕ್ಲಾಪಮ್‌ನದು. ಒಂದು ದೊಡ್ಡ ಬಂಗಲೆಯನ್ನು ಎರಡು ಭಾಗ ಮಾಡಲಾಗಿತ್ತು. ಒಂದರಲ್ಲಿ ಸೊಲ್ಟಾ ಎಂಬವರು ವಾಸವಿದ್ದರು. ಇನ್ನೊಂದಕ್ಕೆ ರಿಡೆಂಪ್ಟರಿಸ್ಟ್ ಸಭೆಯ ಗುರುಗಳು ಬಂದು ಪ್ರಾರ್ಥನಾಲಯ ಮಾಡಿಕೊಂಡರು. ಬೆಂಗಳೂರಿನ ಹೋಲಿ ಗೋಸ್ಟ್ ಚರ್ಚ್ ನೋಡಿದವರಿಗೆ ಈ ಸಭೆಯ ಪರಿಚಯವಿರುತ್ತದೆ. ನಸುಕಿನಿಂದಲೇ ಗಂಟೆ ಬಾರಿಸುವುದು ಶುರುವಾಯಿತು, ದಿನಕ್ಕೆ ಹಲವು ಸಲ. ಸೊಲ್ಟಾ ಅವರು ಫಾದರ್ ಡಿ ಹೆಲ್ಡ್ ಅವರ ಮೇಲೆ ದಾವೆ ಹೂಡಿದರು. ನ್ಯಾಯಾಲಯ ಗಂಟೆಯ ವಿರುದ್ಧ ತಡೆಯಾಜ್ಞೆ ಕೊಟ್ಟಿತು. ಊರಿಗೆಲ್ಲ ಕೇಳುವ ಸದ್ದಾದರೂ ಗೋಡೆಗೆ ಅಂಟಿಕೊಂಡು ಬದುಕುವವನ ನೋವು ಬೇರೆ. ಅವನೊಬ್ಬನೇ ಬಂದು ನ್ಯಾಯ ಕೇಳಬಹುದು ಎಂಬುದು ಆ ತೀರ್ಪಿನ ಸಾರ.

ಎರಡನೆಯದು 1893ರ ಕ್ರಿಸ್ಟಿ ಮತ್ತು ಡೇವಿ ನಡುವಿನದು. ಇಲ್ಲೂ ಎರಡು ಮನೆಗೆ ಒಂದೇ ಗೋಡೆ. ಕ್ರಿಸ್ಟಿ ಕುಟುಂಬದವರು ಮನೆಯಲ್ಲಿ ಸಂಗೀತ ಪಾಠ ಹೇಳುತ್ತಿದ್ದರು. ಪಕ್ಕದ ಡೇವಿ ಅವರಿಗೆ ಅದು ಸಹಿಸದಾಯಿತು. ಮೊದಲು ಪತ್ರ ಬರೆದರು. ಆಮೇಲೆ ಪಾಠ ಶುರುವಾದಾಗಲೆಲ್ಲ ಗೋಡೆ ಗುದ್ದಿದರು, ತಟ್ಟೆ ಬಡಿದರು, ಸಿಳ್ಳೆ ಹಾಕಿದರು, ಕಿರುಚಿದರು. ತಡೆಯಾಜ್ಞೆ ಬಂದದ್ದು ಯಾರ ಮೇಲೆ ಗೊತ್ತೇ? ಡೇವಿ ಮೇಲೆ! ಪಾಠದ ಸದ್ದು ನಿತ್ಯಜೀವನದ ಭಾಗ, ತಟ್ಟೆಯ ಸದ್ದು ಬೇಕೆಂದೇ ಕಾಟ ಕೊಡಲು ಮಾಡಿದ್ದು ಎಂದಿತು ನ್ಯಾಯಾಲಯ. ಸೇಡಿಗಾಗಿ ಸ್ಪೀಕರನ್ನು ಗೋಡೆಗೆ ತಿರುಗಿಸಿಡುವವರು ಈ ಕಥೆ ನೆನಪಿಡಬೇಕು.

ನಮ್ಮ ಸೀಮೆಗೆ ಕಾನೂನು ಬಂದ ದಾರಿ

ನಮ್ಮ ಊರುಗಳು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1882ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆ ಹುಟ್ಟಿತು. ರಾಯದುರ್ಗ ಮಾತ್ರ ಬಳ್ಳಾರಿಯಲ್ಲೇ ಉಳಿದು, 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಹೀಗೆ ಓಡಾಡಿದರೂ ಕಾನೂನಿನ ಬೇರು ಎರಡು ಕಡೆಗೂ ಒಂದೇ.

1860ರ ಭಾರತೀಯ ದಂಡ ಸಂಹಿತೆ ಸಾರ್ವಜನಿಕ ಉಪದ್ರವವನ್ನು ಅಪರಾಧ ಎಂದಿತು. ಬೇರೆ ಶಿಕ್ಷೆ ಹೇಳಿರದ ಕಡೆ ದಂಡ ಹೆಚ್ಚೆಂದರೆ 200 ರೂಪಾಯಿ. ಆ ಮೊತ್ತ 2024ರ ಜೂನ್‌ವರೆಗೂ ಬದಲಾಗಲಿಲ್ಲ! ಈಗಿನ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂನಲ್ಲಿ ಅದು 1,000 ರೂಪಾಯಿವರೆಗೆ ಏರಿದೆ.

ಅನಂತಪುರ ಜಿಲ್ಲೆ ಹುಟ್ಟಿದ 1882ರಲ್ಲೇ ಆಸ್ತಿ ವರ್ಗಾವಣೆ ಕಾಯ್ದೆಯೂ ಬಂತು. ಬಾಡಿಗೆದಾರ ಬಾಡಿಗೆ ಕಟ್ಟಿ ಕರಾರಿನಂತೆ ನಡೆದುಕೊಂಡರೆ ಅಡ್ಡಿಯಿಲ್ಲದೆ ಮನೆ ಅನುಭವಿಸಬಹುದು ಎಂದು ಅದರ 108ನೇ ಕಲಂ ಹೇಳುತ್ತದೆ. ಇದನ್ನು "ಓನರ್ ನಮಗೆ ನಿಶ್ಶಬ್ದದ ಗ್ಯಾರಂಟಿ ಕೊಟ್ಟಿದ್ದಾರೆ" ಎಂದು ತಪ್ಪು ತಿಳಿಯಬಾರದು. ಆ ಮಾತು ಮುಖ್ಯವಾಗಿ ಓನರ್ ಕಡೆಯಿಂದ ತೊಂದರೆ ಬರಬಾರದು ಎಂಬುದಕ್ಕೆ. ಪಕ್ಕದ ಮನೆಯವರ ಸದ್ದಿಗೆ ಬೇರೆ ದಾರಿ ಹುಡುಕಬೇಕು.

ಆ ದಾರಿಗೆ ಬಲ ಬಂದದ್ದು ಧ್ವನಿವರ್ಧಕಗಳು ಬಂದ ಮೇಲೆ. ಅವುಗಳನ್ನು ನಿಯಂತ್ರಿಸುವ ಅಜ್ಮೀರದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1958ರಲ್ಲಿ ಎತ್ತಿಹಿಡಿಯಿತು. 1987ರಲ್ಲಿ ವಾಯುಮಾಲಿನ್ಯ ಕಾಯ್ದೆ ತಿದ್ದುಪಡಿಯಾಗಿ ಶಬ್ದವೂ ಮಾಲಿನ್ಯವೆಂದು ಸೇರಿತು. 2000ದ ಫೆಬ್ರುವರಿಯಲ್ಲಿ ಶಬ್ದಮಾಲಿನ್ಯ ನಿಯಮಗಳು ಜಾರಿಗೆ ಬಂದವು.

ಚೆನ್ನೈನ ಪ್ರಾರ್ಥನಾಲಯ

ಅದೇ ವರ್ಷ ಆಗಸ್ಟ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಚೆನ್ನೈನ ಮಾಧವರಂ ಹೈರೋಡಿನ ಒಂದು ಪೆಂತೆಕೋಸ್ತ್ ಸಭೆಯ ಬಗ್ಗೆ. ಡ್ರಮ್, ಗಿಟಾರ್, ಸ್ಪೀಕರ್ ಇಟ್ಟು ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಕೆ.ಕೆ.ಆರ್. ಮೆಜೆಸ್ಟಿಕ್ ಕಾಲೋನಿಯ ಕ್ಷೇಮಾಭಿವೃದ್ಧಿ ಸಂಘದವರು ದೂರು ಕೊಟ್ಟರು. ವಾಹನಗಳ ಸದ್ದನ್ನೂ ತಗ್ಗಿಸಿ, ಸಭೆಯ ಸ್ಪೀಕರನ್ನೂ ತಗ್ಗಿಸಿ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು. ನಾವು ಅಲ್ಪಸಂಖ್ಯಾತರು, ನಮ್ಮ ಆರಾಧನೆಯ ಹಕ್ಕಿಗೆ ಇದು ಅಡ್ಡಿ ಎಂದು ಸಭೆಯವರು ದೆಹಲಿಗೆ ಹೋದರು.

ನ್ಯಾಯಮೂರ್ತಿಗಳಾದ ಎಂ.ಬಿ. ಶಾ ಮತ್ತು ಎಸ್.ಎನ್. ಫುಕನ್ ಮೇಲ್ಮನವಿ ವಜಾ ಮಾಡಿದರು. ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳಿಲ್ಲ. ಮಕ್ಕಳು, ವೃದ್ಧರು, ರೋಗಿಗಳು, ಓದುವ ವಿದ್ಯಾರ್ಥಿಗಳ ನಿದ್ದೆ ನೆಮ್ಮದಿಗೂ ಹಕ್ಕಿದೆ ಎಂಬುದು ತೀರ್ಪಿನ ತಾತ್ಪರ್ಯ. ಇದು ನಮ್ಮ ವಿರುದ್ಧ ಬಂದ ತೀರ್ಪು ಎಂದು ಬೇಸರಪಡುವುದಕ್ಕಿಂತ ಜ್ಞಾನೋಕ್ತಿಗಳು 27ನೇ ಅಧ್ಯಾಯದ 14ನೇ ವಚನ ತೆರೆದು ನೋಡಿ. ಬೆಳ್ಳಂಬೆಳಗ್ಗೆ ನೆರೆಯವನಿಗೆ ಕೂಗಿ ಹೇಳುವ ಆಶೀರ್ವಾದ ಏನಾಗುತ್ತದೆ ಎಂಬುದನ್ನು ಬೈಬಲ್ ನ್ಯಾಯಾಲಯಕ್ಕಿಂತ ಬಹಳ ಮುಂಚೆಯೇ ಹೇಳಿದೆ.

2005ರ ಜುಲೈ 18ರ ಇನ್ನೊಂದು ತೀರ್ಪಿನ ಹಿನ್ನೆಲೆ ಮನಸ್ಸು ಕಲಕುತ್ತದೆ. ಹದಿಮೂರು ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ, ನೆರೆಯಲ್ಲಿ ಹಾಕಿದ್ದ ಜೋರು ಹಾಡಿನ ಸದ್ದಿನಲ್ಲಿ ಅವಳ ಕೂಗು ಯಾರ ಕಿವಿಗೂ ಬೀಳಲಿಲ್ಲ. ಆ ಅರ್ಜಿ ನ್ಯಾಯಾಲಯಕ್ಕೆ ಬಂದದ್ದು ಈ ಕಾರಣಕ್ಕೆ. ಸದ್ದು ಬರೀ ಕಿರಿಕಿರಿಯಲ್ಲ, ಸಹಾಯದ ಕರೆಯನ್ನೂ ಅದು ನುಂಗಬಲ್ಲದು.

ಡೆಸಿಬೆಲ್ ಲೆಕ್ಕ

ವಾಸದ ಪ್ರದೇಶಕ್ಕೆ ಮಿತಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ರಾತ್ರಿ 45. ಹತ್ತೇ ಅಂಕೆಯ ವ್ಯತ್ಯಾಸ ಎಂದುಕೊಳ್ಳಬೇಡಿ. ಡೆಸಿಬೆಲ್ ಲಾಗರಿದಮ್ ಅಳತೆ. ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ಖಾಸಗಿ ಜಾಗದ ಸೌಂಡ್ ಸಿಸ್ಟಮ್‌ನ ಸದ್ದು ಆ ಜಾಗದ ಗಡಿಯಲ್ಲಿ ನಿಗದಿತ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಮೀರಬಾರದು. ಮಿತಿಗಿಂತ 10 ಡೆಸಿಬೆಲ್ ಹೆಚ್ಚಿದ್ದರೆ ಅಥವಾ ರಾತ್ರಿಯ ನಿರ್ಬಂಧ ಮುರಿದರೆ ಯಾರು ಬೇಕಾದರೂ ದೂರು ಕೊಡಬಹುದು. ಮೊಬೈಲ್ ಆ್ಯಪ್ ತೋರಿಸುವುದು ಅಂದಾಜು ಮಾತ್ರ.

ಹಾಗಾದರೆ ನಾವೇನು ಮಾಡೋಣ?

ಮೊದಲು ಮುಖಾಮುಖಿ ಮಾತು. ಮತ್ತಾಯ 18ನೇ ಅಧ್ಯಾಯದ 15ನೇ ವಚನದಲ್ಲಿ ಪ್ರಭುಯೇಸು ತೋರಿಸಿದ ಕ್ರಮವೂ ಅದೇ: ಮೊದಲು ಇಬ್ಬರೇ. ಸದ್ದು ನಡೆಯುತ್ತಿರುವಾಗ ಸಿಟ್ಟಿನಲ್ಲಿ ಬಾಗಿಲು ಬಡಿಯಬೇಡಿ. ಮರುದಿನ ಹೋಗಿ, "ಅಣ್ಣಾ, ನಂಗೆ ಬೆಳಿಗ್ಗೆ ಶಿಫ್ಟ್ ಐತೆ, ಹತ್ತರ ಮೇಲೆ ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ?" ಎಂದು ಕೇಳಿ. ಎಷ್ಟೋ ಸಲ ತಮ್ಮ ಸದ್ದು ಆಚೆ ಕೇಳುತ್ತದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಸರಿಹೋಗದಿದ್ದರೆ ದಿನಾಂಕ, ಸಮಯ ಬರೆದಿಡಿ. ಓನರ್‌ಗೂ ಅಪಾರ್ಟ್‌ಮೆಂಟ್ ಸಂಘಕ್ಕೂ ಮೆಸೇಜ್ ಅಥವಾ ಪತ್ರದಲ್ಲಿ ತಿಳಿಸಿ, ಬರೆದದ್ದು ಉಳಿಯುತ್ತದೆ. ಆಮೇಲೂ ನಿಲ್ಲದಿದ್ದರೆ ಪೊಲೀಸ್ ಠಾಣೆ ಅಥವಾ 112. ಆದರೆ ಗೋಡೆಯಾಚೆ ಕೇಳುವುದು ಹಾಡಲ್ಲ, ಹೊಡೆತ, ಅಳು ಎನ್ನಿಸಿದರೆ ಈ ಮೆಟ್ಟಿಲೆಲ್ಲ ಬೇಡ. ತಕ್ಷಣ 112ಕ್ಕೆ ಕರೆ ಮಾಡಿ.

ಕೊನೆಯದಾಗಿ ಒಂದು ಮಾತು. ನಮ್ಮ ಹಬ್ಬದ ನೊವೇನಾಕ್ಕೆ, ಕ್ರಿಸ್‌ಮಸ್ ರಾತ್ರಿಗೆ ಸ್ಪೀಕರ್ ಕಟ್ಟುವವರು ನಾವು ಯುವಜನರೇ. ಅನುಮತಿ ಪತ್ರ ಇದೆಯೇ, ಸ್ಪೀಕರ್ ಯಾರ ಕಿಟಕಿಗೆ ಮುಖ ಮಾಡಿದೆ, ಆ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಅಥವಾ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆಯೇ ಎಂದು ಮುಂಚಿತವಾಗಿ ಹೋಗಿ ಕೇಳಿ ಬರುವ ಕೆಲಸವೂ ನಮ್ಮದೇ. ಬಾಡಿಗೆ ಮನೆಯಲ್ಲಿ ನಾವು ಬಯಸುವ ನೆಮ್ಮದಿಯನ್ನು ನಮ್ಮ ದೇವಾಲಯದ ಪಕ್ಕದ ಮನೆಗೂ ಕೊಡೋಣ.